ಏಳನೇ ನಂಬರಿನ ಗರುಡ

ನಮ್ಮ ಮನೆಯ ಷೋಕೇಸಿಗೆ ಇರುವುದು ಒಂದೇ ಬೀಗದ ಕೈ. ಇಪ್ಪತ್ತೇಳು ವರ್ಷದಿಂದ ಅದು ನನ್ನ ಹತ್ತಿರವೇ ಇದೆ. ಹೆಂಡತಿ ವಾಸಂತಿಯ ಒಡವೆ ಇಟ್ಟ ಬೀರುವಿನ ಕೈ ಸಕ್ಕರೆ ಡಬ್ಬದ ಪಕ್ಕ ಬಿದ್ದಿರುತ್ತದೆ, ಯಾರು ಬೇಕಾದರೂ ತೆಗೆಯಬಹುದು. ಷೋಕೇಸಿನದು ಮಾತ್ರ ನಾನು ಸ್ನಾನಕ್ಕೆ ಹೋದರೂ ನನ್ನ ಜೊತೆಗೇ ಬಚ್ಚಲಿಗೆ ಬರುತ್ತಿತ್ತು. ಅಷ್ಟು ಭದ್ರವಾಗಿ ನಾನು ಕಾಯುತ್ತಿದ್ದದ್ದು ಒಂದು ಜೊತೆ ಬೂಟನ್ನು. ಬ್ಯಾಸ್ಕೆಟ್‌ಬಾಲ್ ಆಡುವ ಕ್ಯಾನ್ವಾಸ್ ಬೂಟು, ಕಡು ಕುಂಕುಮದ ಬಣ್ಣ, ಹರಡಿನ ಮೇಲೆ ಒಂದು ಬಿಳಿ ರೆಕ್ಕೆ.

ಮನೆಗೆ ಬಂದವರನ್ನೆಲ್ಲ ವಾಸಂತಿ ಅದರ ಮುಂದೆ ನಿಲ್ಲಿಸುತ್ತಿದ್ದಳು. "ಎಪ್ಪತ್ನಾಕನೇ ಇಸ್ವಿ ಫೈನಲ್‌ನಲ್ಲಿ ಇವ್ರು ಹಾಕ್ಕಂಡು ಆಡಿದ್ದು. ಕೊನೇ ಬುಟ್ಟಿ ಇವ್ರುದೇ," ಎನ್ನುತ್ತಿದ್ದಳು. ಬಂದವರು ತಲೆಯಾಡಿಸುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ವಿನಯವಂತ ಎಂದು ಕಲ್ಕತ್ತೆಯ ದಮ್‌ದಮ್ಮಿನ ನಮ್ಮ ಕೇರಿಯಲ್ಲೆಲ್ಲ ನನಗೆ ಹೆಸರಿದೆ.

ಕೊನೆಯ ಬುಟ್ಟಿ ನನ್ನದಲ್ಲ. ಮೊದಲನೆಯದೂ ನನ್ನದಲ್ಲ. ಆ ಫೈನಲ್ಲನ್ನು ನಾನು ಆಡಲೇ ಇಲ್ಲ, ಬೆಂಚಿನ ಮೇಲೆ ಕೂತಿದ್ದೆ. ಆ ಬೂಟಿನ ಅಟ್ಟೆ ಒಂದು ಸಲವೂ ನೆಲ ಮುಟ್ಟಿರಲಿಲ್ಲ. ಕಳೆದ ಮೇ ತಿಂಗಳ ಒಂದು ಶನಿವಾರದವರೆಗೆ.

ಯಾಕೆ ಆಡಲಿಲ್ಲ ಎಂದು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಗುವವರು ನಗಬಹುದು. ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ ನಮ್ಮಪ್ಪ ಶನಿವಾರದ ಸಂತೆಯಲ್ಲಿ ಹೊಸ ಮೆಟ್ಟು ಕೊಂಡು, ಅಲ್ಲೇ ಮೆಟ್ಟಿಕೊಂಡು, ಕಬ್ಬಿನ ಗಾಡಿ ಹತ್ತಿದ. ಗಾಡಿ ನಾಲೆಯ ಏರಿಯಿಂದ ಮಗುಚಿತು. ನನಗೆ ಆಗ ಒಂಬತ್ತು ವರ್ಷ. ಹೆಣದ ಕಾಲಿನಲ್ಲಿ ಮೆಟ್ಟು ಹೊಸದಾಗಿಯೇ ಇತ್ತು. ಆಮೇಲೆ ನಾನು ಉದ್ದಕ್ಕೆ ಬೆಳೆದೆ, ಚೆಂಡು ಹಿಡಿದೆ, ಆಟದ ಕೋಟಾದಲ್ಲಿ ಕಲ್ಕತ್ತೆಯ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಒಂದೇ ಒಂದು ಆಣೆ ಹಾಕಿಸಿದಳು. ಶನಿವಾರ ಹೊಸದನ್ನು ಮೆಟ್ಟಕೂಡದು.

ಅಂತರ್‌ರೈಲ್ವೆ ಫೈನಲ್ ಬಿದ್ದದ್ದು ಶನಿವಾರ. ಆ ದಿನವೇ ಬೆಳಿಗ್ಗೆ ಬೂಟಿನ ಕಂಪನಿಯವರು ಹನ್ನೆರಡು ಆಟಗಾರರಿಗೂ ಹನ್ನೆರಡು ಹೊಸ ಜೊತೆ ತಂದುಕೊಟ್ಟರು. ನಾಲಿಗೆಯ ಒಳಗೆ ನಂಬರು ಬರೆದಿತ್ತು, ನನ್ನದು ಏಳು. ನಾನು ಹಳೆಯದನ್ನೇ ಹಾಕಿಕೊಳ್ಳುತ್ತೇನೆ ಎಂದೆ. ಕೋಚ್ ಸಾನ್ಯಾಲ್‌ದಾ ಕಾರಣ ಕೇಳಿದರು. ನಾನು ಹೇಳಿದೆ. ಹೇಳಬಾರದಿತ್ತು. ಹನ್ನೊಂದು ಜನ ಒಟ್ಟಿಗೆ ನಕ್ಕರು. ಐವರ ಕಾಲಿನಲ್ಲೂ ಒಂದೇ ಬೂಟು ಇರಬೇಕು, ಇಲ್ಲದಿದ್ದರೆ ಬೆಂಚು ಎಂದರು ಸಾನ್ಯಾಲ್‌ದಾ. ಮೊದಲ ಐವರಲ್ಲಿ ನನ್ನ ಹೆಸರಿತ್ತು, ಆ ಬೆಳಗಿನ ಪತ್ರಿಕೆಯಲ್ಲೂ ಅಚ್ಚಾಗಿತ್ತು. ಬೂಟನ್ನು ಡಬ್ಬದಲ್ಲಿಟ್ಟುಕೊಂಡು ಹಳೆಯದರಲ್ಲೇ ಬೆಂಚಿನ ಮೇಲೆ ಕೂತೆ. ನಮ್ಮವರು ಒಂದು ಪಾಯಿಂಟಿನಿಂದ ಗೆದ್ದರು. ಮುಂದಿನ ಎರಡು ವರ್ಷ ತಂಡದಲ್ಲಿ ನನ್ನ ಹೆಸರು ಶೋನಿಠಾಕುರ್, ಶನಿದೇವರು. ಭಾನುವಾರ ಆ ಬೂಟು ಹಾಕಬಹುದಿತ್ತು. ಅವ್ವನ ಆಣೆ ಅಡ್ಡ ಬರುತ್ತಿರಲಿಲ್ಲ. ನನ್ನ ಕೈಲಿ ಆಗಲಿಲ್ಲ.

ಮೂರು ವರ್ಷದ ಮೇಲೆ ಹೆಣ್ಣು ನೋಡಲು ಮಂಡ್ಯಕ್ಕೆ ಹೋದೆ. ವಾಸಂತಿಯ ತಂದೆ ಹಿರಿಯಣ್ಣನವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ಬ್ಯಾಸ್ಕೆಟ್‌ಬಾಲ್ ಎಂದರೆ ಊಟ ಬಿಡುವ ಮನುಷ್ಯ. ನಾನು ಕೂತ ತಕ್ಷಣ ಪರ್ಸಿನಿಂದ ಒಂದು ಪತ್ರಿಕೆಯ ತುಣುಕು ತೆಗೆದರು. ಅದೇ ಐವರ ಪಟ್ಟಿ. "ಎಷ್ಟ್ ಪಾಯಿಂಟ್ ಹಾಕಿದ್ರಿ ಅವತ್ತು?" ಎಂದರು. ವಾಸಂತಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಾನು ಎಂಟು ಎಂದೆ.

ಎಂಟು ಎಂದವನು ಅಲ್ಲಿಗೇ ನಿಲ್ಲಬಹುದಿತ್ತು. ಮಗಳು ಅಕ್ಷರಾ ಹುಟ್ಟುವ ಹೊತ್ತಿಗೆ ಅದು ಹನ್ನೆರಡಾಯಿತು, ಅವಳನ್ನು ಶಾಲೆಗೆ ಸೇರಿಸುವಾಗ ಹದಿನಾಲ್ಕು. ಸುಳ್ಳಿಗೂ ಸಂಬಳದ ಹಾಗೆ ಇನ್‌ಕ್ರಿಮೆಂಟ್ ಇರುತ್ತದೆ. ಮಾವನವರು ಒಮ್ಮೆ ಕಲ್ಕತ್ತೆಗೆ ಬಂದಾಗ ಮಂಚದ ಕೆಳಗಿದ್ದ ಡಬ್ಬ ನೋಡಿ ಗದರಿದರು. ಬೌಬಜಾರಿಗೆ ಹೋಗಿ ತಾವೇ ಈ ಗಾಜಿನ ಷೋಕೇಸು ಕೊಂಡು ತಂದು, ಬೂಟನ್ನು ಒಳಗಿಟ್ಟು, ಬೀಗ ಹಾಕಿ, ಕೈಯನ್ನು ನನ್ನ ಅಂಗೈಗೆ ಒತ್ತಿದರು. ಕೈದಿಯೂ ನಾನೇ, ಜೈಲರೂ ನಾನೇ ಆದದ್ದು ಅವತ್ತಿನಿಂದ.

ಇಷ್ಟೇ ಆಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ವಾಸಂತಿಗೆ ಕಲ್ಕತ್ತೆ ಒಗ್ಗಲಿಲ್ಲ. ಮೀನಿನ ವಾಸನೆಗೆ ಹೊಂದಿಕೊಂಡಳು, ಭಾಷೆ ಕಲಿತಳು, ದುರ್ಗಾಪೂಜೆಯ ಪೆಂಡಾಲಿನಲ್ಲಿ ಖಿಚುಡಿ ಬಡಿಸಿದಳು, ಆದರೂ ಪ್ರತಿ ಯುಗಾದಿಗೆ ಒಂದೇ ಮಾತು ಕೇಳುತ್ತಿದ್ದಳು. "ಮೈಸೂರಿಗೆ ಬದ್ಲಿ ಕೇಳಿ. ನಮ್ಮವ್ವಂಗೆ ವಯಸ್ಸಾಯ್ತು." ಆಟದ ಕೋಟಾದಲ್ಲಿ ಬಂದವರಿಗೆ ಬದಲಿ ಸಿಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಸಿಗುತ್ತದೆ. ಎಂಬತ್ತೆಂಟರಲ್ಲಿ ಮೈಸೂರಿನಲ್ಲಿದ್ದ ಒಬ್ಬ ಬಂಗಾಳಿ ಗುಮಾಸ್ತ, ನೀವು ಇಲ್ಲಿಗೆ ಬನ್ನಿ ನಾನು ಅಲ್ಲಿಗೆ ಬರುತ್ತೇನೆ ಎಂದು ಕಾಗದವನ್ನೇ ಬರೆದ. ಫೇರ್ಲಿ ಪ್ಲೇಸಿನ ನಮ್ಮ ಕಚೇರಿಯಿಂದ ಗಂಗೆ ನಾಲ್ಕು ಹೆಜ್ಜೆ. ಕಾಗದವನ್ನು ಹರಿದು ನೀರಿಗೆ ಹಾಕಿದೆ. ಯಾಕೆಂದರೆ ಮೈಸೂರಿನ ರೈಲ್ವೆಯಲ್ಲಿ ದೇವೇಂದ್ರನಿದ್ದ. ಫೈನಲ್ಲಿನಲ್ಲಿ ನಮ್ಮ ಎದುರು ಆಡಿದವನು. ನಾನು ಬೆಂಚಿನ ಮೇಲೆ ಕೂತದ್ದನ್ನು, ಯಾಕೆ ಕೂತೆ ಎನ್ನುವುದನ್ನು ಬಲ್ಲವನು. ಅವನಿರುವ ಊರಿಗೆ, ಮಾವನವರಿಂದ ಮೂವತ್ತು ಮೈಲಿ ದೂರಕ್ಕೆ ನಾನು ಹೋಗುವುದು ಹೇಗೆ? ತೊಂಬತ್ತೊಂದರಲ್ಲಿ ಅತ್ತೆ ಚೆನ್ನಮ್ಮ ತೀರಿಕೊಂಡರು. ನಾವು ಎರಡು ರೈಲು ಹಿಡಿದು ಮಂಡ್ಯ ಸೇರುವಾಗ ಹಾಲು ತುಪ್ಪ ಬಿಡುತ್ತಿದ್ದರು.

ಕಳೆದ ಮೇ ತಿಂಗಳ ಆ ಶುಕ್ರವಾರ ಸಂಜೆ ಅಕ್ಷರಾ ಆಫೀಸಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಮಾತು ಶುರುಮಾಡಿದಳು. ಅವಳು ಸೆಕ್ಟರ್ ಫೈವಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅಲ್ಲಿ ಈಗ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತದೆ, ವಾರಕ್ಕೊಂದು ಬಸ್ಸಿನಷ್ಟು ಹುಡುಗರು ಬೆಂಗಳೂರಿನಿಂದ ಬಂದಿಳಿಯುತ್ತಾರೆ.

"ಅಪ್ಪಾ, ನನ್ನ ಟೀಮಲ್ಲಿ ನವೀನ ಅಂತ ಹೊಸಬ ಬಂದಿದಾನೆ, ಬೆಂಗಳೂರಿಂದ. ಅವನು ಗರುಡ ಶೂ ಕಲೆಕ್ಟ್ ಮಾಡ್ತಾನೆ. ನಮ್ಮನೇಲಿ ಮರೂನ್ ಗರುಡ ಇದೆ ಅಂದೆ, ಪಾಗಲ್ ಆಗೋದ. ನಾಳೆ ಬರ್ತಾನೆ, ಓಕೆನಾ?"

"ನಾಳೆ ಶನಿವಾರ," ಎಂದೆ.

"ಅದಕ್ಕೇ ಅಪ್ಪಾ, ರಜಾ." ಅವಳು ಆಗಲೇ ನಂಬರ್ ಒತ್ತಿ ಮೊಬೈಲನ್ನು ನನ್ನ ಕಿವಿಗೆ ಹಿಡಿದಿದ್ದಳು.

ಹುಡುಗನ ದನಿಯಲ್ಲಿ ನಿಜವಾದ ಭಕ್ತಿಯಿತ್ತು. ನನ್ನದೇ ಬೂಟಿನ ಚರಿತ್ರೆಯನ್ನು ನನಗೆ ಹೇಳಿದ. ಯುದ್ಧದ ಕಾಲದಲ್ಲಿ ಕಲ್ಕತ್ತೆಯಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸಿಪಾಯಿಗಳು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರಂತೆ. ಅವರು ಬಿಟ್ಟುಹೋದ ಒಂದು ಹರಕು ಬೂಟನ್ನು ಬೇಲೆಘಾಟದ ಸೇನ್‌ಗುಪ್ತ ರಬ್ಬರ್ ಕಾರ್ಖಾನೆಯ ಯಜಮಾನ ಬಿಚ್ಚಿ, ಹೊಲಿಗೆ ಹೊಲಿಗೆಯಾಗಿ ನೋಡಿ, ನಲವತ್ತೊಂಬತ್ತರಲ್ಲಿ ಮೊದಲ ಗರುಡ ಮಾಡಿದನಂತೆ. ಅದಕ್ಕೆ ರೆಕ್ಕೆ ಇರಲಿಲ್ಲ. ಆಟಗಾರರ ಹೆಬ್ಬೆರಳಿನ ಉಗುರು ಕಿತ್ತುಬರುತ್ತದೆ ಎಂದು ದೂರು ಬಂದಮೇಲೆ ಐವತ್ತೆಂಟರಲ್ಲಿ ಮುಂದುಗಡೆ ರಬ್ಬರ್ ಟೊಪ್ಪಿಗೆ ಬಂತು. ಅರವತ್ತಾರರಲ್ಲಿ ಹರಡಿನ ಮೇಲೆ ರೆಕ್ಕೆ ಬಂತು. ಕೊನೆಯದೇ ನಮ್ಮದು, ಎಪ್ಪತ್ತನಾಲ್ಕರ ಕುಂಕುಮದ ಬಣ್ಣದ್ದು. ಹನ್ನೆರಡೇ ಜೊತೆ. ಫೈನಲ್ ಮುಗಿದಮೇಲೆ ಅಂಗಡಿಗೆ ಬಿಡಬೇಕೆಂದಿದ್ದರು, ಅಷ್ಟರಲ್ಲಿ ಕಾರ್ಖಾನೆಗೆ ಲಾಕೌಟ್ ಆಯಿತು. ಗೇಟು ಮತ್ತೆ ತೆರೆಯಲಿಲ್ಲ.

"ಒಸಾಕಾದಲ್ಲಿ ಒಬ್ರು, ಶಿಕಾಗೋದಲ್ಲಿ ಇಬ್ರು ಇದನ್ನೇ ಹುಡುಕ್ತಿದಾರೆ ಸರ್. ನನ್ನ ಹತ್ರ ನಲವತ್ತೊಂದು ಜೊತೆ ಗರುಡ ಇದೆ. ಅಮ್ಮ ಮನೆ ಒಳಗೆ ಬಿಡಲ್ಲ, ಎಲ್ಲಾ ಟೆರೇಸ್ ಮೇಲಿನ ರೂಮಲ್ಲಿವೆ. ಮರೂನ್ ಮಾತ್ರ ಒಂದೂ ಇಲ್ಲ. ಹನ್ನೆರಡರಲ್ಲಿ ನಾಲ್ಕು ಎಲ್ಲಿವೆ ಅಂತ ಗೊತ್ತು. ನಿಮ್ಮದು ಐದನೇದು."

ಬೆಲೆ ಹೇಳಲು ಹೋದವನನ್ನು ತಡೆದು, ಮಾರುವುದಿಲ್ಲ ಎಂದೆ.

"ಬೇಡ ಸರ್, ಕೊಡಬೇಡಿ. ಅಟ್ಟೆ ನೋಡಬೇಕು ಅಷ್ಟೇ. ಅಟ್ಟೆ ನೋಡಿದ್ರೆ ಎಷ್ಟು ಹೊತ್ತು ಆಡಿದ್ದು, ಯಾವ ಕಾಲ ಮೇಲೆ ತಿರುಗೋರು, ಎಲ್ಲಾ ಗೊತ್ತಾಗುತ್ತೆ. ದೊಡ್ಡ ಮ್ಯಾಚಲ್ಲಿ ಆಡಿದ ಜೊತೆ ಅಂತ ಸುಳ್ಳು ಹೇಳೋರು ಬಹಳ ಜನ ಇದಾರೆ. ಕೆಲವರು ಉಪ್ಪುಕಾಗದದಲ್ಲಿ ಉಜ್ಜಿ ತೋರಿಸ್ತಾರೆ. ಕೈಯಲ್ಲಿ ಉಜ್ಜಿದ್ದು ನೋಡಿದ ತಕ್ಷಣ ಗೊತ್ತಾಗುತ್ತೆ ಸರ್."

ಮಗಳ ಕೈಗೆ ಮೊಬೈಲ್ ಕೊಟ್ಟೆ. ವಾಸಂತಿ ಅಡಿಗೆಮನೆಯಿಂದಲೇ ಕೂಗಿದಳು. "ನಮ್ ಕಡೆ ಹುಡ್ಗ ಬತ್ತಾವ್ನೆ, ಬಸ್ಸಾರು ಮುದ್ದೆ ಮಾಡ್ತೀನಿ. ಪಾಪ, ಇಲ್ಲಿ ಅನ್ನ ಆಲೂ ತಿಂದೂ ತಿಂದೂ ಸಾಕಾಗಿರ್ತದೆ."

ಶನಿವಾರ ಎಂಟು ಗಂಟೆಗೆ ಅವಳು ಸೊಪ್ಪು ತರಲು ಬಜಾರಿಗೆ ಹೋದಳು. ಒಂಬತ್ತೂವರೆಗೆ ಅಕ್ಷರಾ ಹುಡುಗನನ್ನು ಕರೆತರಲು ನಾಗೇರ್‌ಬಜಾರಿಗೆ ಹೊರಟಳು. ಬಾಗಿಲು ಮುಚ್ಚಿದ ತಕ್ಷಣ ನಾನು ಷೋಕೇಸಿನ ಬೀಗ ತೆಗೆದೆ.

ಅಟ್ಟೆಯನ್ನು ತಿರುಗಿಸಿ ನೋಡಿದೆ. ಗರಿಗರಿಯಾದ ಗೆರೆಗಳು, ಒಂದೂ ಸವೆದಿರಲಿಲ್ಲ. ಅಚ್ಚಿನಿಂದ ತೆಗೆದಾಗ ಉಳಿಯುವ ಸಣ್ಣ ರಬ್ಬರ್ ಕೂದಲು ಹಾಗೇ ನಿಂತಿದ್ದವು. ಹತ್ತು ಹೆಜ್ಜೆ ನಡೆದರೂ ಉದುರುವಂಥವು. ಕಳ್ಳನನ್ನು ಹಿಡಿದುಕೊಡಲು ಅಷ್ಟು ಸಾಕು. ಕೈಯಲ್ಲಿ ಉಜ್ಜುವ ಹಾಗಿಲ್ಲ. ಹಾಗಾದರೆ ಉಳಿದಿದ್ದು ಒಂದೇ ದಾರಿ.

ಮೂವತ್ತೆರಡು ವರ್ಷ ಮಾಡದೆ ಉಳಿಸಿದ್ದನ್ನು ಮಾಡಲು ಕೊನೆಗೂ ಸಿಕ್ಕಿದ್ದು ಶನಿವಾರವೇ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆದರೂ ಮನಸ್ಸಿನಲ್ಲೇ ಅವಳಿಗೆ ಕ್ಷಮಾಪಣೆ ಹೇಳಿದೆ. ನನ್ನ ಕಾಲು ಆಗಿನ ಕಾಲಲ್ಲ, ಸಕ್ಕರೆ ಕಾಯಿಲೆಯಿಂದ ಊದಿದೆ. ಅರ್ಧ ಡಬ್ಬ ಪೌಡರ್ ಸುರಿದು, ಉಸಿರು ಬಿಗಿಹಿಡಿದು, ಎರಡೂ ಕಾಲು ಒಳಗೆ ತುರುಕಿದೆ. ಲೇಸು ಬಿಗಿದೆ. ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ತಾರಸಿಗೆ ಹತ್ತಿದೆ.

ಮೊದಲು ಸುಮ್ಮನೆ ಓಡಾಡಿದೆ. ಆಮೇಲೆ ಎಡಗಾಲು ಊರಿ ತಿರುಗಿದೆ, ನಾನು ತಿರುಗುತ್ತಿದ್ದದ್ದು ಎಡಗಾಲಿನ ಮೇಲೇ. ರಬ್ಬರು ಕಿರ್ ಎಂದಿತು. ಆ ಶಬ್ದ ಕೇಳಿದ್ದೇ ತಡ, ನನಗೆ ಏನಾಯಿತೋ ತಿಳಿಯದು. ಒಣಗಲು ಹಾಕಿದ್ದ ಸೀರೆಗಳ ನಡುವೆ ನುಗ್ಗಿದೆ. ದೇವೇಂದ್ರ ಎಡಕ್ಕೆ ಬಂದ, ನಾನು ಬಲಕ್ಕೆ ಸರಿದೆ. ನೀರಿನ ಟ್ಯಾಂಕಿನ ಮುಚ್ಚಳವೇ ಬುಟ್ಟಿ. ಐವತ್ತಾರು ವರ್ಷದ ಮನುಷ್ಯ, ಲುಂಗಿ ಉಟ್ಟುಕೊಂಡು, ಕೈಯಲ್ಲಿ ಚೆಂಡಿಲ್ಲದೆ ನೆಗೆದೆ. ಎರಡು ಪಾಯಿಂಟ್. ಮತ್ತೆ ಎರಡು. ಬೆಂಚಿನ ಮೇಲೆ ಯಾರೂ ಇರಲಿಲ್ಲ, ನಾನೇ ಆಡುತ್ತಿದ್ದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹದಿನಾಲ್ಕು ಆಗುವ ತನಕ ಆಡಿದೆ. ಹೇಳಿದ ಲೆಕ್ಕ ತೀರಿಸಬೇಕಲ್ಲ.

ಕೆಳಗೆ ಬಂದು ಮಂಚದ ಮೇಲೆ ಕೂತಾಗ ಕಾಲು ಉರಿಯುತ್ತಿತ್ತು. ಲೇಸು ಎಳೆದೆ. ಬೆವರು ಕುಡಿದ ಹಳೆಯ ನೂಲು ಗಂಟಿನಲ್ಲಿ ಕಲ್ಲಾಗಿತ್ತು. ಹಿಮ್ಮಡಿ ಹಿಡಿದು ಎಳೆದೆ. ಬಾಗಿಲ ಸಂದಿಗೆ ಕಾಲು ಸಿಕ್ಕಿಸಿ ಎಳೆದೆ. ಕೊಬ್ಬರಿ ಎಣ್ಣೆ ಬಿಟ್ಟೆ. ಮೇ ತಿಂಗಳ ಸೆಕೆಗೂ ಆಟಕ್ಕೂ ಪಾದ ಇನ್ನೊಂದು ಸುತ್ತು ಊದಿತ್ತು. ಬೂಟು ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಬೋನಿಗೆ ಬಿದ್ದ ಇಲಿಯ ಹಾಗೆ ಮನೆಯೆಲ್ಲ ಓಡಾಡುತ್ತಿರುವಾಗ ಕರೆಗಂಟೆ ಸದ್ದಾಯಿತು.

ಮೂವರೂ ಒಟ್ಟಿಗೇ ಬಂದಿದ್ದರು. ವಾಸಂತಿ ಸೊಪ್ಪಿನ ಚೀಲ ಹಿಡಿದುಕೊಂಡೇ ನನ್ನ ಕಾಲು ನೋಡಿದಳು.

"ಮನೆ ಒಳಗೆ ಮೆಟ್ಟಾ? ದೇವ್ರ ದೀಪ ಉರೀತಾ ಅದೆ."

"ಹುಡುಗ ಬರ್ತಾನಲ್ಲ, ಹಾಕ್ಕಂಡೇ ತೋರ್ಸನ ಅಂತ," ಎಂದೆ. ನನ್ನ ನಾಲಿಗೆಗೆ ಸುಳ್ಳು ಹುಡುಕುವ ಕಷ್ಟವೇ ಇಲ್ಲ.

ನವೀನ ತೆಳ್ಳಗಿನ ಹುಡುಗ, ಕನ್ನಡಕ, ಬೆನ್ನಿಗೆ ಚೀಲ. ಬಾಗಿಲಲ್ಲೇ ಶೂ ಬಿಟ್ಟು, ನೇರವಾಗಿ ನನ್ನ ಕಾಲ ಬುಡದಲ್ಲಿ ಮಂಡಿಯೂರಿದ. ಮುಟ್ಟಲು ಕೈ ಮುಂದೆ ಮಾಡಿ ಹಿಂದೆ ತೆಗೆದ. "ಹಳೇ ರಬ್ಬರ್ ಸರ್, ಬಿರುಕು ಬಿಟ್ಟುಬಿಡುತ್ತೆ. ನಡೀಬೇಡಿ, ಕೂತ್ಕೊಳ್ಳಿ, ಅಟ್ಟೆ ಆಮೇಲೆ ನೋಡೋಣ," ಎಂದ. ನಾನು ಬೆತ್ತದ ಕುರ್ಚಿಯಲ್ಲಿ ಕೂತೆ. ಅವನು ನಾಲಿಗೆಯನ್ನು ಮೆಲ್ಲಗೆ ಸರಿಸಿ ನಂಬರು ಓದಿದ. "ಏಳು," ಎಂದು ಅಕ್ಷರಾಳ ಮುಖ ನೋಡಿದ. ಹುಡುಗನ ಕಣ್ಣು ಒದ್ದೆಯಾಗಿತ್ತು. ಬಚಾವಾದೆ ಎಂದುಕೊಂಡೆ.

ವಾಸಂತಿ ಮಜ್ಜಿಗೆ ತಂದಳು. ನವೀನ ಒಂದು ಗುಟುಕು ಕುಡಿದು, ಚೀಲದಿಂದ ಒಂದು ಲಕೋಟೆ ತೆಗೆದ.

"ಸರ್, ನಿಮಗೊಂದು ತಂದಿದೀನಿ. ಆ ಫೈನಲ್‌ನ ಒಂದೇ ಒಂದು ಫೋಟೋ. ಹೋದ ತಿಂಗಳು ಮೈಸೂರಲ್ಲಿ ದೇವೇಂದ್ರ ಅಂತ, ನಿಮ್ಮ ಎದುರು ಆಡಿದೋರು, ಅವರ ಮನೇಲಿ ಸಿಕ್ತು. ಪ್ರಿಂಟ್ ಹಾಕಿಸಿದೀನಿ."

ಮಜ್ಜಿಗೆ ಲೋಟ ಕೆಳಗಿಟ್ಟು ಫೋಟೋ ಈಸಿಕೊಂಡೆ. ಫೋಟೋದಲ್ಲಿ ಹಿಂದುಗಡೆ ಕೋರ್ಟು, ಮಸುಕು ಮಸುಕಾಗಿ ಓಡುವವರು. ಮುಂದೆ ನಮ್ಮ ಬೆಂಚು. ಸಾಲಾಗಿ ಹರಡಿನ ಮೇಲೆ ರೆಕ್ಕೆಗಳು. ತುದಿಯಲ್ಲಿ ಒಬ್ಬ, ತಲೆಯ ಮೇಲೆ ಟವೆಲ್ ಹೊದ್ದು ಬಗ್ಗಿದ್ದ. ಮುಖ ಕಾಣುತ್ತಿರಲಿಲ್ಲ. ಅವನ ಕಾಲಿನಲ್ಲಿ ಹಳೆಯ ಬಿಳಿ ಬೂಟು.

"ಈ ತುದಿಯೋರು ಯಾರು ಸರ್?" ನವೀನ ಬೆರಳಿಟ್ಟ. "ಶನಿವಾರ ಹೊಸದು ಹಾಕಲ್ಲ ಅಂತ ಹಟ ಮಾಡಿದ್ರಂತೆ, ಅದಕ್ಕೇ ಆಡಿಸಲಿಲ್ಲವಂತೆ. ದೇವೇಂದ್ರ ಸರ್‌ಗೆ ಹೆಸರು ಮರೆತುಹೋಗಿದೆ. ಕನ್ನಡದೋರೇ ಇರಬೇಕು ಅಂದ್ರು. ಇವರ ಜೊತೆ ಯಾರೂ ಮೆಟ್ಟದೇ ಉಳಿದಿರಬೇಕಲ್ವಾ? ಉಳಿದ ಹನ್ನೊಂದೂ ಆಡಿ ಸವೆದಿರ್ತವೆ. ಮೆಟ್ಟದೇ ಇರೋ ಮರೂನ್ ಗರುಡ ಪ್ರಪಂಚದಲ್ಲೇ ಒಂದು ಸರ್. ಅದನ್ನ ಒಂದು ಸಲ ನೋಡಿದ್ರೆ ಸಾಕು ನಂಗೆ. ನೀವು ಜೊತೇಲಿ ಆಡಿದೋರು, ನಿಮಗೆ ಗೊತ್ತಿರಲೇಬೇಕು."

ದೇವೇಂದ್ರ ನನ್ನ ಹೆಸರನ್ನೇ ಮರೆತಿದ್ದ. ಯಾರ ಹೆದರಿಕೆಗೆ ನಾನು ಮೈಸೂರಿನ ಕಡೆ ತಲೆ ಹಾಕಿರಲಿಲ್ಲವೋ ಅವನಿಗೆ ನಾನು ನೆನಪೇ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಗಲೂ ನಿಜ ಹೇಳಬಹುದಿತ್ತು. ಬಾಗಿಲು ತೆರೆದೇ ಇತ್ತು, ಹುಡುಗ ನಗುತ್ತಿರಲಿಲ್ಲ, ಅವನಿಗೆ ಆ ಬೆಂಚಿನವನೇ ದೊಡ್ಡವನು. ನಾನು ಮಾತ್ರ ಅಭ್ಯಾಸಬಲದಿಂದ, "ಬಿಶ್ವಾಸ್ ಇರಬೇಕು. ತೀರಿಕೊಂಡ, ಪಾಪ," ಎಂದೆ.

"ಕನ್ನಡದೋರು ಅಂದ್ರಲ್ಲ ಸರ್?"

"ದೇವೇಂದ್ರಂಗೆ ಎಲ್ಲಾ ಕಲಸಿಹೋಗವೆ."

ವಾಸಂತಿ ಲೋಟ ತೆಗೆದುಕೊಳ್ಳಲು ಬಗ್ಗಿದವಳು ಫೋಟೋವನ್ನು ಕೈಗೆ ತೆಗೆದುಕೊಂಡಳು. ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು. ನಾನೂ ನೋಡಿಕೊಂಡೆ. ನನ್ನ ಬಲಪಾದ ಎಡಪಾದದ ಮೇಲೆ ಹತ್ತಿ ಕೂತಿತ್ತು. ಯೋಚನೆಯಾದಾಗ ನಾನು ಕೂರುವುದೇ ಹಾಗೆ, ಒಂದು ಪಾದದ ಮೇಲೆ ಇನ್ನೊಂದು ಇಟ್ಟು, ಹೆಬ್ಬೆರಳು ಒತ್ತಿಕೊಂಡು. ಫೋಟೋದಲ್ಲಿ ಟವೆಲ್ ಹೊದ್ದವನ ಬಲಪಾದ ಎಡಪಾದದ ಮೇಲಿತ್ತು.

"ಇದು ನೀವು," ಎಂದಳು.

ನಾನು ಕಾಲು ತೆಗೆದೆ. ತೆಗೆದದ್ದೇ ಉತ್ತರವಾಯಿತು.

"ಅಮ್ಮಾ, ಏನ್ ಹೇಳ್ತಿದೀಯಾ, ಅಪ್ಪ ಫೋರ್ಟೀನ್ ಪಾಯಿಂಟ್ಸ್..." ಎಂದು ಶುರುಮಾಡಿದ ಅಕ್ಷರಾ ನನ್ನ ಮುಖ ನೋಡಿ ನಿಲ್ಲಿಸಿದಳು. ನವೀನ ನನ್ನ ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಅಟ್ಟೆ ನೋಡಿದ. ತಾರಸಿಯ ಸುಣ್ಣ ಗೆರೆಗಳಲ್ಲಿ ಹೊಸದಾಗಿಯೇ ಕೂತಿತ್ತು. ಪಾದದ ಕಮಾನಿನ ಕೆಳಗೆ, ನೆಲಕ್ಕೆ ತಾಗದ ಜಾಗದಲ್ಲಿ, ನಾಲ್ಕಾರು ರಬ್ಬರ್ ಕೂದಲು ಇನ್ನೂ ನಿಂತಿದ್ದವು. ಅದರ ಮೇಲೆ ಬೆರಳಾಡಿಸಿದ.

"ಇವತ್ತು ಬೆಳಿಗ್ಗೆ ತನಕ ಇತ್ತು," ಎಂದ. ನನ್ನನ್ನು ಬಯ್ಯಲಿಲ್ಲ. ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಹೇಳಿದ. "ಸರ್, ಯಾಕೆ?"

ನಾನು ಹೇಳಿದೆ. ಕಬ್ಬಿನ ಗಾಡಿ, ಅವ್ವನ ಆಣೆ, ಸಾನ್ಯಾಲ್‌ದಾ, ಮಾವನವರ ಪತ್ರಿಕೆಯ ತುಣುಕು, ಎಂಟು ಪಾಯಿಂಟ್. ಹೇಳುತ್ತ ಹೋದಂತೆ ಹಗುರವಾಗುತ್ತದೆ ಎನ್ನುತ್ತಾರೆ, ನನಗೇನೂ ಹಗುರವಾಗಲಿಲ್ಲ. ಪಾದ ಸಿಡಿಯುತ್ತಿತ್ತು. ಕೊನೆಗೆ ಬೂಟು ಬಿಚ್ಚಲು ಬರುತ್ತಿಲ್ಲ ಎನ್ನುವುದನ್ನೂ ಹೇಳಿದೆ.

ವಾಸಂತಿ ಒಳಗೆ ಹೋಗಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದಳು. ನನ್ನ ಎದುರು ನೆಲದ ಮೇಲೆ ಕೂತು, ನವೀನನ ತೊಡೆಯಿಂದ ನನ್ನ ಕಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಹುಡುಗ ಮುಖ ತಿರುಗಿಸಿದ. ಕತ್ತರಿಯ ಒಂದು ಬಾಯಿಯನ್ನು ಲೇಸಿನ ಕೆಳಗೆ ತೂರಿಸಿ, ಅವಳು ಹಾಗೇ ತಡೆದಳು.

"ದೇವೇಂದ್ರ ಅನ್ನೋರು ಮೈಸೂರಲ್ಲೇ ಇದ್ರಾ ಮೊದಲಿಂದ?" ಎಂದು ನವೀನನನ್ನು ಕೇಳಿದಳು.

"ಹೌದು ಆಂಟಿ. ಅಲ್ಲೇ ರೈಲ್ವೇಲಿದ್ದು ಅಲ್ಲೇ ರಿಟೈರ್ ಆದ್ರಂತೆ."

ಅವಳು ನನ್ನ ಕಡೆ ನೋಡಿದಳು. ಕೋಪ ಕಾಣಲಿಲ್ಲ. ಮುಖದಲ್ಲಿ ಒಂದೊಂದಾಗಿ ಯುಗಾದಿಗಳು ಹಿಂದಕ್ಕೆ ಹೋಗುತ್ತಿದ್ದವು, ಅದು ನನಗೆ ಕಾಣುತ್ತಿತ್ತು.

"ಬದ್ಲಿ ಸಿಗಕ್ಕಿಲ್ಲ ಅಂತಿದ್ರಲ್ಲ. ಸಿಗ್ತಿತ್ತಾ?"

ನಾನು ಲೇಸಿನ ಗಂಟು ನೋಡಿದೆ.

"ಕೇಳ್ತಾ ಇವ್ನಿ. ಸಿಗ್ತಿತ್ತಾ?"

"ಸಿಗ್ತಿತ್ತು. ಎಂಬತ್ತೆಂಟರಲ್ಲಿ ಕಾಗದ ಬಂದಿತ್ತು."

"ಅವ್ವ ಹೋಗಿದ್ದು ತೊಂಬತ್ತೊಂದ್ರಲ್ಲಿ," ಎಂದಳು. ಅದನ್ನು ನನಗೆ ಹೇಳಲಿಲ್ಲ, ಲೆಕ್ಕ ಸರಿಯಿದೆಯೇ ಎಂದು ತನಗೇ ಹೇಳಿಕೊಂಡಳು. ಮೂರು ವರ್ಷ ಅವಳು ತಾಯಿಯ ಹತ್ತಿರ ಇರಬಹುದಾಗಿತ್ತು. ಅದನ್ನು ನಾನು ಒಂದು ಜೊತೆ ಬೂಟಿಗಾಗಿ ಗಂಗೆಗೆ ಹಾಕಿದ್ದೆ. ಹಾಗೆ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅವಳು ಲೇಸಿನ ಕೆಳಗಿಂದ ಕತ್ತರಿಯನ್ನು ಮೆಲ್ಲಗೆ ಹೊರಗೆ ತೆಗೆದಳು. ನನ್ನ ಕಾಲನ್ನು ಮಡಿಲಿನಿಂದ ಇಳಿಸಿ ನೆಲದ ಮೇಲಿಟ್ಟಳು. ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ನಾನು ಈ ಊರಲ್ಲಿ ಇಪ್ಪತ್ತೊಂಬತ್ತು ವರ್ಸ ಇದ್ದೆ," ಎಂದಳು. "ನೀವು ಆ ಮೆಟ್ಟಲ್ಲಿ ಸಂಜೆಗಂಟ ಇರಿ."

ಕತ್ತರಿಯನ್ನು ಷೋಕೇಸಿನ ಪಕ್ಕದ ಸ್ಟೂಲಿನ ಮೇಲಿಟ್ಟಳು. ಆಮೇಲೆ ನವೀನನ ಕಡೆ ತಿರುಗಿ, "ಬಾ ಮಗ, ಸೊಪ್ಪು ಸೋಸ್ತಾ ಮಾತಾಡನ. ಮೈಸೂರಲ್ಲಿ ಎಲ್ಲೆಲ್ಲಿ ಓಡಾಡ್ದೆ, ಹೇಳು," ಎಂದು ಅಡಿಗೆಮನೆಗೆ ಹೋದಳು. ಹುಡುಗ ನನ್ನನ್ನೊಮ್ಮೆ, ಬೂಟನ್ನೊಮ್ಮೆ ನೋಡಿ ಅವಳ ಹಿಂದೆ ಹೋದ. ಅಕ್ಷರಾ ಕತ್ತರಿಯ ಕಡೆ ಒಂದು ಹೆಜ್ಜೆ ಇಟ್ಟಳು. ನಾನು ಬೇಡ ಎಂದು ತಲೆಯಾಡಿಸಿದೆ. ಅವಳೂ ಒಳಗೆ ಹೋದಳು.

ಮಧ್ಯಾಹ್ನದ ಊಟ ಒಳಗೇ ಆಯಿತು. ನನಗೆ ಒಂದು ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಕುರ್ಚಿಗೇ ಬಂತು, ಮಗಳು ತಂದುಕೊಟ್ಟಳು. ಒಳಗಿನಿಂದ ಮಾತು ಕೇಳುತ್ತಿತ್ತು. ಮಾರುಕಟ್ಟೆಯಲ್ಲಿ ಮಲ್ಲಿಗೆ ಈಗಲೂ ಮೊಳದ ಲೆಕ್ಕದಲ್ಲಿ ಕೊಡುತ್ತಾರಾ, ಸ್ಟೇಷನ್ ಎದುರಿನ ದೊಡ್ಡ ಮರ ಇದೆಯಾ, ಮಂಡ್ಯಕ್ಕೆ ಎಷ್ಟು ಹೊತ್ತಿಗೆ ರೈಲು. ಹುಡುಗ ಗೊತ್ತಿದ್ದಷ್ಟಕ್ಕೆ ಉತ್ತರ ಕೊಡುತ್ತಿದ್ದ. ಒಂದು ಸಲ ಅವಳು ನಕ್ಕಳು. ಹೆಣ್ಣು ನೋಡಲು ಹೋದ ದಿನ ಬಾಗಿಲ ಹಿಂದಿನಿಂದ ಕೇಳಿದ್ದ ನಗು ಅದು, ಅಷ್ಟು ವರ್ಷ ಎಲ್ಲಿತ್ತೋ.

ಹೊರಡುವಾಗ ನವೀನ ನನ್ನ ಹತ್ತಿರ ಬಂದು ನಮಸ್ಕಾರ ಮಾಡಿದ. ಫೋಟೋವನ್ನು ಷೋಕೇಸಿನ ಖಾಲಿ ಜಾಗದಲ್ಲಿ ಒರಗಿಸಿಟ್ಟ. ಬೂಟಿನ ಮಾತು ಎತ್ತಲಿಲ್ಲ.

ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು, ನೆಲದಿಂದ ಬಾಗಿಲಿಗೆ ಹೋಯಿತು. ಪಾದ ಮೊದಲು ಉರಿಯಿತು, ಆಮೇಲೆ ಸಿಡಿಯಿತು, ಆಮೇಲೆ ನನ್ನದಲ್ಲ ಎನ್ನುವಂತಾಯಿತು. ಸ್ಟೂಲು ಒಂದು ಮಾರು ದೂರವೂ ಇರಲಿಲ್ಲ. ಕುರ್ಚಿಯಿಂದ ಸ್ವಲ್ಪ ಬಗ್ಗಿ ಕೈ ಚಾಚಿದ್ದರೆ ಕತ್ತರಿ ಸಿಗುತ್ತಿತ್ತು. ನಾನು ಚಾಚಲಿಲ್ಲ. ದೀಪ ಹಚ್ಚುವ ಹೊತ್ತಾಗುವ ತನಕ ಬಲಪಾದವನ್ನು ಎಡಪಾದದ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದೆ.